ಹುಣಸೆಹಣ್ಣು ಹಚ್ಚಿ ತಿಕ್ಕಿದ ಎಮ್ಮೆ

ತೋಟದ ಇಲಾಖೆಗೆ ಸೇರಬೇಕೆಂದಿರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಗಿಡ ಬೆಳೆಸುವ ನೌಕರಿ ಅಂದುಕೊಂಡಿದ್ದರೆ ಅರ್ಧ ಮಾತ್ರ ನಿಜ. ಉಳಿದರ್ಧ ಉದ್ಘಾಟನೆಗಳು. ಗಿಡಕ್ಕೆ ಹೂ ಬಿಡಲು ತನ್ನದೇ ಕಾಲ ಇರುತ್ತದೆ. ಉದ್ಘಾಟನೆ ಯಾವ ಕಾಲವನ್ನೂ ಕೇಳುವುದಿಲ್ಲ. ಈ ಎರಡರ ನಡುವೆ ನಿಂತು ಎರಡೂ ಕಡೆಯಿಂದ ಬೈಸಿಕೊಳ್ಳುವವನಿಗೆ ಗಾರ್ಡನ್ ಅಸಿಸ್ಟಂಟ್ ಎಂದು ಹೆಸರು.

ನಾನು ಆ ಹುದ್ದೆಗೆ ಸೇರಿದ್ದು ತೊಂಬತ್ತರ ದಶಕದ ಶುರುವಿನಲ್ಲಿ, ನವಿ ಮುಂಬೈಯಲ್ಲಿ. ಓದಿದ್ದು ಬಿ.ಎಸ್ಸಿ., ಕೆಮಿಸ್ಟ್ರಿ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವನು ನಾನು. ಅದನ್ನು ಹೇಳಿಕೊಳ್ಳಲು ಆಗಲೂ ಸಂಕೋಚ ಇರಲಿಲ್ಲ, ಈಗಲೂ ಇಲ್ಲ. ಅಪ್ಪ ಸಿಂದಗಿ ಕಡೆಯಿಂದ ಬಂದು ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿದವನು. ಅವ್ವ ಡೊಂಬಿವಲಿಯಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳಿಗೆ ಸಿಮೆಂಟಿನ ಬುಟ್ಟಿ ಹೊತ್ತವಳು. ರಿಸಲ್ಟ್ ಬಂದ ದಿನ ಅಪ್ಪ ಠಾಕುರ್ಲಿಯ ನಮ್ಮ ಚಾಳಿನ ಸಾಲುಮನೆಗಳಲ್ಲಿ ಎಲ್ಲರಿಗೂ ಪೇಡೆ ಹಂಚಿದ. "ಮಗ ಎಂಥಾ ಸಾಹೇಬ ಆಗ್ತಾನ?" ಅಂತ ಒಬ್ಬರು ಕೇಳಿದರೆ, "ಕುಂತು ಕೆಲಸ ಮಾಡೋ ಸಾಹೇಬ," ಅಂದ. ಆಮೇಲೆ ನಾನು ದಿನವಿಡೀ ಬಿಸಿಲಲ್ಲಿ ನಿಂತು ಮಣ್ಣು ಹದ ಮಾಡಿಸುವುದನ್ನು ಒಮ್ಮೆ ಕಣ್ಣಾರೆ ನೋಡಿ, "ಇಷ್ಟೆಲ್ಲಾ ಓದಿ ಕಡೀಕ ಮಣ್ಣಿಗೇ ಬಂದ್ಯಲ್ಲೋ," ಅಂದ. ಅವನಿಗೆ ಉತ್ತರ ಕೊಡಲು ನನಗೆ ಕೆಲವು ವರ್ಷ ಬೇಕಾಯಿತು.

ದಿನಾ ಠಾಕುರ್ಲಿಯಿಂದ ಠಾಣೆಗೆ ಸ್ಲೋ ಲೋಕಲ್, ಠಾಣೆಯಿಂದ ಬೇಲಾಪುರಕ್ಕೆ ಬಸ್. ಅಲ್ಲಿ ಇಳಿದರೆ ನಮ್ಮ ಉದ್ಯಾನದ ಗೇಟಿನಲ್ಲಿ ನನ್ನ ಮೇಲಧಿಕಾರಿ ಸಾಠೆ ಸಾಹೇಬರು ಕಾಯುತ್ತಿರುತ್ತಿದ್ದರು. ಮರಾಠಿಯವರು, ಇಸ್ತ್ರಿ ಮುರಿಯದ ಸಫಾರಿ ಸೂಟು, ಕೈಯಲ್ಲಿ ಸದಾ ಒಂದು ಕರ್ಚೀಫು. ಬೆಂಚಿನ ಮೇಲೆ ಬೆರಳಾಡಿಸಿ ಧೂಳು ನೋಡುವರು. ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು, "ಎಲ್ಲಾ ಚಕಾಚಕ್ ಇರಬೇಕು!"

ಅವರು ನನಗೆ ಕಲಿಸಿದ ಮೊದಲ ವಿದ್ಯೆ ಹೂಕುಂಡ ಹೂಳುವುದು. ಉದ್ಘಾಟನೆಗೆ ನಾಲ್ಕು ದಿನ ಇದ್ದು ಹೂಪಾತಿಯಲ್ಲಿ ಒಂದೂ ಹೂ ಇಲ್ಲದಿದ್ದರೆ, ಠಾಣೆಯ ನರ್ಸರಿಯಿಂದ ಹೂ ಬಿಟ್ಟ ಗಿಡಗಳನ್ನು ಟ್ರಕ್ಕಿನಲ್ಲಿ ತಂದು, ಕುಂಡದ ಸಮೇತ ನೆಲದಲ್ಲಿ ಹೂತು, ಮೇಲೆ ಮಣ್ಣು ಮುಚ್ಚುವುದು. ಸಮಾರಂಭ ಮುಗಿದ ಮೇಲೆ ಕಿತ್ತು ವಾಪಸ್ಸು ಕಳಿಸುವುದು. ನಾನು ಹೊಸಬ, ಕೇಳಿದೆ: "ಸಾಹೇಬ, ಇದು ಮೋಸ ಅಲ್ಲವೇ?"

"ನಿಮ್ಮ ಮನೆಯ ಮದುವೆಗೆ ಬಾಡಿಗೆ ಕುರ್ಚಿ ತರುವುದಿಲ್ಲವೇನೋ?" ಅಂದರು.

ಗುದ್ದಲಿ ತಗೊಂಡೆ. ಹೂತೆ.

ಎರಡನೆಯ ವಿದ್ಯೆ ಹಸಿರು ಆನೆಯದು. ಆ ಕಾಲದಲ್ಲಿ ತಂತಿಯ ಚೌಕಟ್ಟಿಗೆ ಬಳ್ಳಿ ಹಬ್ಬಿಸಿ, ಕತ್ತರಿಯಲ್ಲಿ ಕತ್ತರಿಸಿ ಪ್ರಾಣಿ ಮಾಡುವ ಹುಚ್ಚು ಎಲ್ಲ ಉದ್ಯಾನಗಳಿಗೂ ಹಿಡಿದಿತ್ತು. ನಮ್ಮ ಆನೆ ಚಳಿಗಾಲದಲ್ಲಿ ಆನೆಯ ಹಾಗೇ ಇರುತ್ತಿತ್ತು. ಬೇಸಿಗೆಯಲ್ಲಿ ಮೊದಲು ಸೊಂಡಿಲು ಒಣಗುತ್ತಿತ್ತು. ಮಳೆಗಾಲದಲ್ಲಿ ಒಂದು ವಾರ ಕತ್ತರಿ ಆಡಿಸದಿದ್ದರೆ ತಲೆ ಯಾವುದು ಬಾಲ ಯಾವುದು ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ವಾಕಿಂಗಿಗೆ ಬರುವ ಒಬ್ಬ ರಿಟೈರ್ಡ್ ಮಾಸ್ತರರು ದಿನಾ ಅದರ ಮುಂದೆ ನಿಂತು ವರದಿ ಕೊಡುವರು: "ಇವತ್ತು ನಿಮ್ಮ ಆನೆಗೆ ಹಂದಿ ಆಗುವ ಮನಸ್ಸಿದ್ದಂತಿದೆ."

ಕೊನೆಗೆ ಸಾಠೆ ಸಾಹೇಬರು ಬೇಸತ್ತು ಮೇಲಿನವರಿಗೆ ಹೇಳಿದರು, ನೀರು ಬೇಡದ, ಕತ್ತರಿ ಬೇಡದ ಪ್ರಾಣಿ ಕೊಡಿಸಿ ಅಂತ. ಹಾಗೆ ಬಂದದ್ದು ಕಂಚಿನ ಎಮ್ಮೆ.

ಎಮ್ಮೆಯೇ ಯಾಕೆ ಅಂದರೆ, ಆ ಉದ್ಯಾನ ಆಗುವ ಮೊದಲು ಅಲ್ಲೊಂದು ಹಳ್ಳಿಯ ಹೊಂಡವಿತ್ತು. ಊರಿನ ಎಮ್ಮೆಗಳು ಮಧ್ಯಾಹ್ನವಿಡೀ ಅದರಲ್ಲಿ ಬಿದ್ದಿರುತ್ತಿದ್ದವಂತೆ. ಕಲ್ಯಾಣದಲ್ಲಿ ಎಮ್ಮೆ ಕಟ್ಟುವ ತಬೇಲಾ ಪಕ್ಕದ ಶೆಡ್ಡಿನಲ್ಲಿ ಮೂರ್ತಿ ಮಾಡುತ್ತಿದ್ದ ಒಬ್ಬ ಹಿರಿಯ ಬಾಯಿ (ಮರಾಠಿಯವರು ಹೆಂಗಸಿಗೆ ಹಾಗೆನ್ನುತ್ತಾರೆ), ಎಲ್ಲರೂ ಇಂದುತಾಯಿ ಅನ್ನುತ್ತಿದ್ದರು, ಈ ಸಂಗತಿ ಕೇಳಿ ಎಮ್ಮೆಯನ್ನೇ ಮಾಡಿದರು. ಆದರೆ ನೀರಲ್ಲಿ ಮಲಗಿದ ಎಮ್ಮೆಯಲ್ಲ. ಉದ್ಯಾನದ ಬೆಂಚಿನ ಮೇಲೆ ಮನುಷ್ಯರ ಹಾಗೆ ಕೂತು, ಕೊಂಬಿಗೆ ಮಡಚಿದ ಛತ್ರಿ ನೇತುಹಾಕಿಕೊಂಡು, ಎದುರಿನ ಬಸ್ ಸ್ಟಾಪನ್ನೇ ನೋಡುತ್ತಿರುವ ಎಮ್ಮೆ. ಬಸ್ಸು ಬಂದರೆ ಹತ್ತಬೇಕು, ಬರದಿದ್ದರೂ ಚಿಂತೆಯಿಲ್ಲ, ಅಂಥ ಮುಖ. ಮೈಬಣ್ಣ ಕಪ್ಪು-ಕಂದು, ಕತ್ತಿನ ಮಡಿಕೆ, ಕಿವಿಯ ಸಂದು, ಹೊಟ್ಟೆಯ ಕೆಳಗೆಲ್ಲ ಹಸಿರು. ಆ ಬಣ್ಣ ಹೇಗೆ ಬಂತು ಅಂತ ಟ್ರಕ್ಕಿನಲ್ಲಿ ತಂದು ಕೂಡಿಸಿಹೋದವರು ಹೇಳಲಿಲ್ಲ, ನಮ್ಮಲ್ಲಿ ಯಾರಿಗೂ ಕೇಳಬೇಕು ಅನ್ನಿಸಲೂ ಇಲ್ಲ.

ಇನ್ನು ನೀಲವ್ವನ ವಿಷಯ. ಆ ಉದ್ಯಾನದಲ್ಲಿ ಕಳೆ ಕೀಳಲು, ಕಸ ಗುಡಿಸಲು ದಿನಗೂಲಿಯ ಹೆಣ್ಣುಮಕ್ಕಳ ಒಂದು ಗುಂಪಿತ್ತು; ಬಹುಪಾಲು ವಿಜಯಪುರ, ಕಲಬುರ್ಗಿ ಕಡೆಯವರು. ಅವರ ಹಿರಿಯಳು ನೀಲವ್ವ. ನನಗಿಂತ ಹದಿನೈದು ವರ್ಷ ದೊಡ್ಡವಳಿರಬೇಕು. ಸಾಠೆ ಸಾಹೇಬರ ಎದುರು ನನ್ನನ್ನು "ಸಾಹೇಬ್ರ" ಅನ್ನುವಳು, ಅವರು ಬೆನ್ನು ತಿರುಗಿಸಿದರೆ "ತಮ್ಮಾ". ಎಷ್ಟೋ ವರ್ಷಗಳಿಂದ ದಿನಗೂಲಿಯಲ್ಲೇ ಇದ್ದಳು. ದಿನಗೂಲಿ ಅಂದರೆ ಬಂದ ದಿನ ಪಗಾರ, ಜ್ವರ ಬಂದು ಮಲಗಿದ ದಿನ ಏನೂ ಇಲ್ಲ. ಆ ವರ್ಷ ಕೆಲವರನ್ನು ಕಾಯಂ ಮಾಡುವ ಪಟ್ಟಿ ತಯಾರಾಗಿತ್ತು. ನೀಲವ್ವನ ಹೆಸರು ಅದರಲ್ಲಿತ್ತು. ಸಾಠೆ ಸಾಹೇಬರು ಸಹಿ ಹಾಕಿ ಮೇಲೆ ಕಳಿಸುವುದೊಂದೇ ಬಾಕಿ.

ಎಮ್ಮೆ ಬಂದು ಎರಡು ವಾರಕ್ಕೆ, ಹೊಸದಾಗಿ ಸಿಂಗರಿಸಿದ ಉದ್ಯಾನದ ಉದ್ಘಾಟನೆ ನಿಗದಿಯಾಯಿತು. ಅದಕ್ಕೆ ವಾರವಿರುವಾಗ ಒಂದು ಮುಂಜಾನೆ ಸಾಠೆ ಸಾಹೇಬರು ಉದ್ಯಾನವನ್ನೆಲ್ಲ ಸುತ್ತಿ, ಬೆಂಚು, ದೀಪದ ಕಂಬ, ಎಮ್ಮೆ ಎಲ್ಲದರ ಕಡೆಗೂ ಕರ್ಚೀಫು ಬೀಸಿ, ಹೆಣ್ಣುಮಕ್ಕಳಿಗೆ ತಮ್ಮ ನಿತ್ಯದ ಮಂತ್ರ ಹೇಳಿಹೋದರು. ನಾನು ಅಂದು ಹೂಕುಂಡ ತರಲು ಠಾಣೆಗೆ ಹೋಗಿದ್ದೆ. ಸಂಜೆ ಟ್ರಕ್ಕಿನಿಂದ ಇಳಿಯುವಾಗಲೇ ಏನೋ ಕಣ್ಣಿಗೆ ಹೊಡೆಯಿತು. ಇಳಿಬಿಸಿಲಿನಲ್ಲಿ ಬೆಂಚಿನ ಮೇಲೆ ಚಿನ್ನದ ಎಮ್ಮೆ ಕೂತಿತ್ತು.

ನೀಲವ್ವ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಎದುರು ಬಂದಳು. "ನೋಡ್ರಿ ಸಾಹೇಬ್ರ, ಹ್ಯಾಂಗ ಹೊಳ್ಯಾಕತ್ತದ! ಲಗ್ನದ ಹಂಡೇದಂಗ!"

"ಅಕ್ಕಾ, ಇದನ್ನ ತಿಕ್ಕಂತ ಯಾರಂದ್ರು?"

"ದೊಡ್ಡ ಸಾಹೇಬ್ರು, ಮತ್ತ್ಯಾರು? ಎಲ್ಲಾ ಚಕಾಚಕ್ ಅಂದ್ರಲ್ಲ. ಇದರ ಮೈತುಂಬ ಕಿಲುಬ ಹಿಡದಿತ್ತರಿ. ಮನಿ ಕೊಡಪಾನಕ್ಕ ಇಷ್ಟ ಕಿಲುಬ ಬಂದ್ರ ನಮ್ಮತ್ತಿ ನನ್ನ ಹೊರಗ ಹಾಕತಿದ್ಲು. ನಾಳೆ ನಾಲ್ಕು ಮಂದಿ ಬಂದು, ಈ ಹೆಣ್ಮಕ್ಕಳಿಗೆ ಕೈ ಇಲ್ಲೇನು ಅಂದ್ರ?"

"ಏನ್ ಹಚ್ಚಿದ್ರಿ?"

"ಹುಣಸಿಹಣ್ಣು, ಉಪ್ಪು, ಇಟ್ಟಂಗಿ ಪುಡಿ. ಕಿವಿಯೊಳಗಿಂದನೂ ಬೆರಳ ತೂರಿಸಿ ತಗದೀನಿ."

ಕಾಲೇಜಿನಲ್ಲಿ ಓದಿದ ಕೆಮಿಸ್ಟ್ರಿ ಆ ಕ್ಷಣಕ್ಕೆ ಕೈಕೊಡದೆ ನೆನಪಿಗೆ ಬಂತು. ಕಂಚಿನಲ್ಲಿರುವುದು ಬಹುಪಾಲು ತಾಮ್ರ, ಹುಳಿ ಅದರ ಮೇಲಿನ ಪದರವನ್ನು ತಿನ್ನುತ್ತದೆ. ನಾನು ಎಮ್ಮೆಯ ಕತ್ತಿನ ಮಡಿಕೆ ನೋಡಿದೆ. ಒಂದು ಎಳೆ ಹಸಿರೂ ಉಳಿದಿರಲಿಲ್ಲ. ಎಲ್ಲ ಮಡಿಕೆಯಲ್ಲೂ ಅಷ್ಟೊಂದು ಒಪ್ಪವಾಗಿ ಇದ್ದ ಹಸಿರು ತಾನಾಗಿ ಬಂದ ಕಿಲುಬಾಗಿರಲಾರದು, ಯಾರೋ ಕಷ್ಟಪಟ್ಟು ತರಿಸಿದ್ದು ಅಂತ ಆಗ ಹೊಳೆಯಿತು. ನೀಲವ್ವನ ಮುಖದಲ್ಲಿ ಇದ್ದ ಖುಷಿ ನೋಡಿ, ಕುಂಡ ಇಳಿಸಲು ಟ್ರಕ್ಕಿನ ಕಡೆ ಹೋದೆ.

ಮರುದಿನ ಮೊದಲು ಬಂದವರು ಸಾಠೆ ಸಾಹೇಬರು. ಎಮ್ಮೆಯನ್ನು ದೂರದಿಂದಲೇ ನೋಡಿ ಕೈ ತಟ್ಟಿದರು. "ಶಾಬಾಸ್ ಬಾಯಿ! ಇದಕ್ಕೆ ಚಕಾಚಕ್ ಅನ್ನುತ್ತಾರೆ!" ನೀಲವ್ವ ನಾಚಿ ತಲೆ ತಗ್ಗಿಸಿದಳು.

ಸ್ವಲ್ಪ ಹೊತ್ತಿಗೆ ಇಂದುತಾಯಿ ಬಂದರು. ತಮ್ಮ ಎಮ್ಮೆಯನ್ನು ಸರಿಯಾಗಿ ಕೂಡಿಸಿದ್ದಾರೋ ಇಲ್ಲವೋ ನೋಡಲು ಕಲ್ಯಾಣದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಬಿಳಿ ಕೂದಲು, ಕಾಟನ್ ಸೀರೆ, ಹೆಗಲಿಗೆ ಚೀಲ. ಗೇಟಿನ ಒಳಗೆ ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟರು. ಆಮೇಲೆ ನಿಧಾನ ನಡೆದು ಬಂದು ಎಮ್ಮೆಯ ಸುತ್ತ ಒಂದು ಸುತ್ತು ಹಾಕಿದರು.

"ಇದರ ಚರ್ಮ ಸುಲಿದವರು ಯಾರು?" ಮರಾಠಿಯಲ್ಲಿ, ದನಿ ಏರಿಸದೆ ಕೇಳಿದರು.

ಸಾಠೆ ಸಾಹೇಬರ ಬೆರಳು ತಕ್ಷಣ ನೀಲವ್ವನ ಕಡೆ ಹೋಯಿತು. "ಈ ಬಾಯಿ! ಯಾರನ್ನೂ ಕೇಳದೆ ಮಾಡಿದ್ದಾಳೆ. ಇವತ್ತೇ ಕೆಲಸದಿಂದ ತೆಗೆಯುತ್ತೇನೆ. ಕಾಯಂ ಬೇರೆ ಮಾಡಬೇಕಂತೆ ಇಂಥವರನ್ನ!"

ನೀಲವ್ವನಿಗೆ ಮರಾಠಿ ಚೆನ್ನಾಗಿ ತಿಳಿಯುತ್ತಿತ್ತು. ನೆಲ ನೋಡುತ್ತ ನಿಂತಳು. ಅವಳ ಕೈಬೆರಳುಗಳು ಹುಣಸೆಹುಳಿಗೆ ಇನ್ನೂ ಸುಕ್ಕುಗಟ್ಟಿದ್ದವು. ನಮ್ಮವ್ವನೂ ಬಿಲ್ಡಿಂಗಿನ ಮುಕಾದಮ, ಅಂದರೆ ಮೇಸ್ತ್ರಿ, ಬೈಯುವಾಗ ಹೀಗೇ ನೆಲ ನೋಡುತ್ತ ನಿಂತಿರುತ್ತಿದ್ದಳು.

ನಾನು ಅಂದೆ: "ಸಾಹೇಬ, ಚಕಾಚಕ್ ಮಾಡಿ ಅಂದವರು ನೀವು. ಈಗಷ್ಟೇ ಶಾಬಾಸ್ ಅಂದವರೂ ನೀವೇ."

ಅವರು ನನ್ನ ಕಡೆ ತಿರುಗಿದರು. ನನ್ನ ವರ್ಷದ ರಿಪೋರ್ಟು ಬರೆಯುವವರು ಅವರೇ. "ನಿನ್ನ ಡಿಗ್ರಿ ಬಹಳ ಮಾತಾಡುತ್ತಿದೆ," ಅಂದರು.

"ಹೌದು ಸಾಹೇಬ. ಅದಕ್ಕೇ ನಮ್ಮಪ್ಪ ಓದಿಸಿದ್ದು."

ಅಪ್ಪನ ಮಾತಿಗೆ ನಾನು ಕೊಡಬೇಕಾಗಿದ್ದ ಉತ್ತರವೂ ಅದೇ ಆಗಿತ್ತು. ಮನೆಗೆ ಹೋಗಿ ಹೇಳಿದೆ ಕೂಡ.

ಸಾಠೆ ಸಾಹೇಬರು ಕೆಟ್ಟವರಲ್ಲ. ಹೆದರುವವರು ಅಷ್ಟೇ. ಕರ್ಚೀಫಿನಿಂದ ಹಣೆ ಒತ್ತಿಕೊಂಡು ಕೊನೆಗೆ ಹೇಳಿದರು: "ಸರಿ. ಎಮ್ಮೆ ಮೊದಲಿನ ಹಾಗಾಗಬೇಕು. ಉದ್ಘಾಟನೆಯ ದಿನ ಅತಿಥಿಯ ಕಿವಿಗೆ ಈ ವಿಷಯ ಬೀಳಕೂಡದು. ಎಲ್ಲಾ ಸುಸೂತ್ರ ಮುಗಿದರೆ ಆಮೇಲೆ ಇವಳ ಹೆಸರಿನ ವಿಚಾರ. ಒಂದು ಪಿಸುಮಾತು ಹೊರಗೆ ಬಂದರೂ ಹೆಸರು ಹೊಡೆದು ಹಾಕುತ್ತೇನೆ."

ಇಷ್ಟಾದ ಮೇಲೆ ಇಂದುತಾಯಿ ನೀಲವ್ವನ ಹತ್ತಿರ ಹೋದರು. ಅವರಿಬ್ಬರ ಜಗಳ ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ನಡೆಯಿತು. ನೀಲವ್ವನಿಗೆ ಸಿಟ್ಟು ಬಂದಾಗ ನಡುನಡುವೆ ಕನ್ನಡವೂ ಬರುತ್ತಿತ್ತು.

"ಆ ಬಣ್ಣ ಬರಿಸಲು ಎಷ್ಟು ದಿನ ಬೆಂಕಿ ಮುಂದೆ ನಿಂತಿದ್ದೆ ಗೊತ್ತೇ?"

"ಹಸರ ಎಮ್ಮಿ ಎಲ್ಲಿರತದ ಬಾಯಿ? ನಾ ಸಣ್ಣಾಕಿ ಇದ್ದಾಗಿಂದ ಎಮ್ಮಿ ಕಾದೀನಿ. ಒಂದೂ ಹಸರ ಇದ್ದಿದ್ದಿಲ್ಲ."

"ಹೊಂಡದಿಂದ ಎದ್ದು ಬಂದ ಎಮ್ಮೆಯ ಮೈಮೇಲೆ ಏನಿರುತ್ತದೆ?"

ನೀಲವ್ವ ಸ್ವಲ್ಪ ಯೋಚಿಸಿದಳು. "ಪಾಚಿ."

"ಹಾಂ. ಅದೇ."

"ಪಾಚಿ ಇದ್ರ ಇನ್ನೂ ಜೋರ ತಿಕ್ಕತಿದ್ದೆ," ಅಂದಳು ನೀಲವ್ವ.

ಇಂದುತಾಯಿ ಅವಳನ್ನೇ ನೋಡಿದರು. ನಗಬಾರದು ಅಂತ ಬಹಳ ಪ್ರಯತ್ನಪಟ್ಟರು ಅಂತ ಕಾಣುತ್ತದೆ.

ಎಮ್ಮೆಯನ್ನು ಕಿತ್ತು ಕಲ್ಯಾಣಕ್ಕೆ ಒಯ್ಯುವಷ್ಟು ದಿನ ಇರಲಿಲ್ಲ. ಅಲ್ಲೇ ಬೆಂಕಿಯ ಬತ್ತಿಯಿಂದ ಕಂಚನ್ನು ಕಾಯಿಸಿ ಬಣ್ಣ ಬರಿಸೋಣವೆಂದರೆ ಸುತ್ತ ಒಣ ಹುಲ್ಲು. ಇಂದುತಾಯಿ ಹಳೆಯ ದಾರಿ ಹಿಡಿದರು. ಮರದ ಹೊಟ್ಟನ್ನು ನೆನೆಸಿ ಮೈತುಂಬ ಮೆತ್ತಿ, ಗೋಣಿಚೀಲ ಸುತ್ತಿ, ಮೇಲೆ ಪ್ಲಾಸ್ಟಿಕ್ ಬಿಗಿದು ದಿನಗಟ್ಟಲೆ ಬಿಡುವುದು. ಹೊಟ್ಟು ನೆನೆಸಲು ಅವರ ಬಾಟಲಿಗಳಲ್ಲಿದ್ದ ಯಾವುದೋ ಉಪ್ಪುಗಳು ಸಾಲದು, ಅಮೋನಿಯಾ ಬೇಕು ಅಂದರು.

"ನಿಮ್ಮ ಶೆಡ್ಡಿನ ಪಕ್ಕ ತಬೇಲಾ ಇದೆಯಲ್ಲ ತಾಯಿ," ಅಂದೆ ನಾನು. ಎಮ್ಮೆಯ ಉಚ್ಚೆ ಹಳತಾದಷ್ಟೂ ಅಮೋನಿಯಾ ಹೆಚ್ಚು, ಅದಕ್ಕೆ ಬಿ.ಎಸ್ಸಿ. ಕೂಡ ಬೇಡ, ಮೂಗಿದ್ದರೆ ಸಾಕು.

ಇಲಾಖೆಯ ಟ್ರಕ್ಕಿನಲ್ಲಿ, ಹೂವಿನ ಕುಂಡಗಳ ಜಾಗದಲ್ಲಿ, ತಬೇಲಾದಿಂದ ಕ್ಯಾನುಗಳು ಬಂದವು. ಡ್ರೈವರ್ ದಾರಿಯುದ್ದಕ್ಕೂ ತಲೆ ಹೊರಗೆ ಹಾಕಿ ಓಡಿಸಿದ. ನೀಲವ್ವ ಹೊಟ್ಟು ಕಲಸುತ್ತ ನನ್ನ ಕಡೆ ನೋಡಿದಳು. "ತೊಳದ್ರ ತಪ್ಪು, ಉಚ್ಚಿ ಹಚ್ಚಿದ್ರ ಸರಿ. ಇದ್ಯಾವ ಶಾಲೀ ವಿದ್ಯಾ ತಮ್ಮಾ?"

ಮೈತುಂಬ ಗೋಣಿ ಸುತ್ತಿಕೊಂಡು, ಕೊಂಬು ಮಾತ್ರ ಹೊರಗೆ ಬಿಟ್ಟುಕೊಂಡು ಎಮ್ಮೆ ಬೆಂಚಿನ ಮೇಲೆ ಕೂತಿತು. ವಾಕಿಂಗಿನ ಮಾಸ್ತರರು ಮೂಗು ಮುಚ್ಚಿಕೊಂಡು ಬಂದು, "ಏನಾಗಿದೆ ಇದಕ್ಕೆ?" ಅಂತ ಕೇಳಿದರು.

"ಬಾಣಂತನ ನಡದದರಿ," ಅಂದಳು ನೀಲವ್ವ, ತಲೆ ಎತ್ತದೆ.

ಆ ದಿನಗಳಲ್ಲಿ ಇಂದುತಾಯಿ ಬೆಳಿಗ್ಗೆ ಬಂದವರು ಸಂಜೆಯ ತನಕ ಇರುತ್ತಿದ್ದರು. ಹೊಟ್ಟು ಒಣಗದಂತೆ ಗೋಣಿ ಸರಿಸಿ ಸರಿಸಿ ಆ ಉಚ್ಚೆ ಚಿಮುಕಿಸುವುದು ನೀಲವ್ವನ ಕೆಲಸ. ಮಧ್ಯಾಹ್ನ ಇಬ್ಬರೂ ಮರದ ಕೆಳಗೆ ಡಬ್ಬಿ ಬಿಚ್ಚುವರು. ನೀಲವ್ವನ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇಂದುತಾಯಿಗೆ ಹೋಗುತ್ತಿತ್ತು, ಅವರ ಚಪಾತಿ ಭಾಜಿ ಇವಳಿಗೆ. ಜಗಳ ಮಾತ್ರ ನಿಲ್ಲಲಿಲ್ಲ.

ಗೋಣಿ ಬಿಚ್ಚಿದ ದಿನ ನಾವೆಲ್ಲ ಸುತ್ತ ನಿಂತಿದ್ದೆವು. ಹೊಟ್ಟು ಉದುರಿಸಿ, ಪೈಪು ಹಿಡಿದು ನೀರು ಬಿಟ್ಟರು. ಬಣ್ಣ ಮೊದಲಿನದಲ್ಲ, ಕಪ್ಪು ಕಡಿಮೆ, ಹಸಿರು ಜಾಸ್ತಿ, ಅಲ್ಲಲ್ಲಿ ನೀಲಿ ಛಾಯೆ. ಎಡ ಭುಜದಲ್ಲಿ ಗೋಣಿ ಜಾರಿದ್ದ ಕಡೆ ಒಂದು ಹಳದಿ ಪಟ್ಟೆ ಉಳಿದಿತ್ತು. ಅದನ್ನು ಇಂದುತಾಯಿ ಬ್ರಶ್ಶಿನಿಂದ ಅದ್ದಿ ಅದ್ದಿ ಮಬ್ಬು ಮಾಡಿದರು. ಮೇಲೆ ಜೇನುಮೇಣ ಸವರುವುದನ್ನು ನೀಲವ್ವನಿಗೆ ಕಲಿಸಿದರು. "ಒತ್ತಬೇಡ. ಮಗುವಿಗೆ ಎಣ್ಣೆ ಹಚ್ಚುವ ಹಾಗೆ," ಅಂದರು. "ಮಕ್ಕಳನೂ ನಾ ಒತ್ತೇ ತಿಕ್ಕೀನಿ," ಅಂದಳು ಇವಳು. ಆದರೆ ಕೈ ಹಗುರ ಮಾಡಿದಳು.

ಇಲ್ಲಿ ಹೊಸಬರಿಗೆ ಒಂದು ಮಾತು. ಈಗ ಉದ್ಯಾನದ ಪ್ರಾಣಿಗಳೆಲ್ಲ ಫೈಬರಿನವು. ಬಣ್ಣ ಹೋದರೆ ಕಾಂಟ್ರಾಕ್ಟರು ಡಬ್ಬಿ ತಂದು ಬಳಿದು ಹೋಗುತ್ತಾನೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಯಾವುದೇ ವಸ್ತು ನಿಮ್ಮ ವಶಕ್ಕೆ ಬಂದ ದಿನ, ಇದನ್ನು ಒರೆಸುವುದು ಹೇಗೆ ಅಂತ ಮಾಡಿದವರನ್ನು ಕೇಳಿ. ಕೇಳಿದ್ದನ್ನು, ಬಟ್ಟೆ ಹಿಡಿದು ಒರೆಸುವವರಿಗೆ ಅವರ ಭಾಷೆಯಲ್ಲಿ ಹೇಳಿ. ಆಫೀಸಿನಲ್ಲಿ ಕೂತವರಿಗೆ ಹೇಳಿದರೆ ಹೇಳಿದಂತಲ್ಲ.

ಉದ್ಘಾಟನೆಯ ದಿನ ಎಲ್ಲ ಸುಸೂತ್ರವಾಗಿಯೇ ನಡೆಯಿತು. ರಿಬ್ಬನ್ ಕತ್ತರಿಸಿದ್ದಾಯಿತು, ಭಾಷಣಗಳಾದವು, ಹೂತ ಕುಂಡಗಳಲ್ಲಿ ಹೂಗಳು ನಗುತ್ತಿದ್ದವು. ಹೆಣ್ಣುಮಕ್ಕಳು ಒಗೆದ ಸೀರೆ ಉಟ್ಟು ಬೇಲಿಯ ಬದಿಗೆ ಸಾಲಾಗಿ ನಿಂತಿದ್ದರು. ನೀಲವ್ವನಿಗೆ ನಾನು ಬೆಳಿಗ್ಗೆಯೇ ಹೇಳಿದ್ದೆ: "ಅಕ್ಕಾ, ಇವತ್ತೊಂದು ದಿನ ಬಾಯಿ ಹೊಲಕೋ."

ಮುಖ್ಯ ಅತಿಥಿ ಎಮ್ಮೆಯ ಹತ್ತಿರ ಬಂದರು. ಕೊಂಬಿನ ಛತ್ರಿ ನೋಡಿ ನಕ್ಕರು. ಬೆನ್ನ ಮೇಲೆ ಅಂಗೈ ಇಟ್ಟು ಸವರಿದರು. ಆಮೇಲೆ ಸಾಠೆ ಸಾಹೇಬರ ಕಡೆ ತಿರುಗಿ ಹೇಳಿದರು: "ಎಲ್ಲಾ ಚೆನ್ನಾಗಿ ಮಾಡಿದ್ದೀರಿ. ಇದನ್ನೊಂದು ಹಾಗೇ ಬಿಟ್ಟಿದ್ದೀರಲ್ಲ? ಎಷ್ಟು ಹಸಿರುಗಟ್ಟಿದೆ. ಯಾರಿಗಾದರೂ ಹೇಳಿ ತಿಕ್ಕಿಸಬಾರದೇ?"

ಸಾಠೆ ಸಾಹೇಬರು ಅತಿಥಿಗಳಿಗೆ ಇಲ್ಲ ಅಂದವರೇ ಅಲ್ಲ. "ಹೌದು ಸಾಹೇಬ, ನಾಳೆಯೇ ತಿಕ್ಕಿಸುತ್ತೇನೆ," ಅಂದರು. ಎರಡನೆಯ ಸಾಲಿನಲ್ಲಿದ್ದ ಇಂದುತಾಯಿ ಕುರ್ಚಿಯಿಂದ ಅರ್ಧ ಎದ್ದರು.

ಅಷ್ಟರಲ್ಲಿ ಬೇಲಿಯ ಕಡೆಯಿಂದ ಒಂದು ದನಿ ಬಂತು. "ನಹೀ ಸಾಬ್! ಉಸಕೋ ಘಿಸನೇ ಕಾ ನಹೀ!"

ನೀಲವ್ವ ಸಾಲು ಬಿಟ್ಟು ಮುಂದೆ ಬಂದಿದ್ದಳು. ನಾನು ಕಣ್ಸನ್ನೆ ಮಾಡಿದೆ. ನೋಡಲಿಲ್ಲ. ಸಾಠೆ ಸಾಹೇಬರು ಕರ್ಚೀಫು ಅಡ್ಡ ಹಿಡಿದು "ಬಾಯಿ, ಬಾಯಿ" ಅಂದರು. ಕೇಳಲಿಲ್ಲ.

ಅತಿಥಿಗೆ ಆಶ್ಚರ್ಯವಾಯಿತು. "ಯಾಕೆ ತಿಕ್ಕಬಾರದು?"

"ನಾನು ಒಂದು ಸಲ ತಿಕ್ಕಿದೆ ಸಾಬ್," ಅಂದಳು ತನ್ನ ಹಿಂದಿಯಲ್ಲಿ. "ಹುಣಸೆಹಣ್ಣು ಹಾಕಿ ಪೂರಾ ಹಳದಿ ಮಾಡಿಬಿಟ್ಟೆ. ಇದು ಕಿಲುಬಲ್ಲ, ಅದರ ಚರ್ಮ. ಆ ತಾಯಿ ಅತ್ತೇಬಿಟ್ಟರು." ಇಂದುತಾಯಿ ಅತ್ತಿರಲಿಲ್ಲ, ಆದರೆ ಈಗ ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

"ಮತ್ತೆ ಹಸಿರು ಹೇಗೆ ಬಂತು?" ಅತಿಥಿಯ ಕೈ ಇನ್ನೂ ಎಮ್ಮೆಯ ಬೆನ್ನ ಮೇಲೇ ಇತ್ತು.

"ಮತ್ತೆ ತಬೇಲಾದಿಂದ ಎಮ್ಮೆ ಉಚ್ಚೆ ತಂದು ಮೈತುಂಬ ಹಚ್ಚಿದೆವು ಸಾಬ್."

ಕೈ ಮೇಲೆದ್ದಿತು. ಅಂಗೈ ನೋಡಿಕೊಂಡರು. ಅದನ್ನೆಲ್ಲ ತೊಳೆದು ಮೇಣ ಹಚ್ಚಿದ್ದೇವೆ ಅಂತ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಯಾರೋ ಓಡಿಹೋಗಿ ನೀರಿನ ಬಾಟಲಿ ತಂದರು. ಅತಿಥಿ ಕೈ ತೊಳೆದುಕೊಳ್ಳುತ್ತಲೇ ನಗಲು ಶುರು ಮಾಡಿದರು. ಕಾರು ಹತ್ತುವಾಗಲೂ ನಗುತ್ತಿದ್ದರು. "ಸಾಠೆ, ತಿಕ್ಕಿಸಬೇಡಿ," ಅಂತ ಕಿಟಕಿಯಿಂದ ಹೇಳಿಹೋದರು.

ಕಾರುಗಳೆಲ್ಲ ಹೋದ ಮೇಲೆ ಸಾಠೆ ಸಾಹೇಬರು ವಾಚ್‌ಮನ್‌ನ ಕೋಣೆಯಲ್ಲಿ ಕೂತು ಚಹಾ ತರಿಸಿದರು. ನನ್ನನ್ನು ನಿಲ್ಲಿಸಿಯೇ ಇಟ್ಟರು.

"ಆ ಬಾಯಿಗೆ ಬುದ್ಧಿ ಇಲ್ಲ."

"ಇಲ್ಲ ಸಾಹೇಬ."

"ನಾಲಿಗೆಯ ಮೇಲೆ ಹಿಡಿತವೂ ಇಲ್ಲ."

"ಇಲ್ಲ ಸಾಹೇಬ."

ಕಪ್ಪಿನ ಅಂಚನ್ನು ಕರ್ಚೀಫಿನಿಂದ ಒರೆಸಿದರು. "ಅವಳು ಬಾಯಿ ಬಿಡದಿದ್ದರೆ ನಾಳೆ ನಾನೇ ಮತ್ತೊಮ್ಮೆ ತಿಕ್ಕಿಸುತ್ತಿದ್ದೆ," ಅಂದರು, ನನಗಲ್ಲ, ಕಪ್ಪಿಗೆ. ಆಮೇಲೆ ಎದ್ದರು. "ಹೆಸರು ಪಟ್ಟಿಯಲ್ಲೇ ಇರಲಿ. ಇವತ್ತೇ ಸಹಿ ಹಾಕಿ ಕಳಿಸುತ್ತೇನೆ. ಆದರೆ ಮುಂದಿನ ಉದ್ಘಾಟನೆಯ ದಿನ ಅವಳಿಗೆ ರಜೆ ಕೊಟ್ಟು ಮನೆಗೆ ಕಳಿಸು. ಇದು ಆರ್ಡರ್."

ಹೊರಗೆ ನೀಲವ್ವ ಬಿದ್ದ ಚೆಂಡುಹೂ ಗುಡಿಸುತ್ತಿದ್ದಳು. ನನ್ನನ್ನು ನೋಡಿಯೂ ನೋಡದವಳ ಹಾಗೆ ಕಸಬಾರಿಗೆ ಆಡಿಸುತ್ತಲೇ ಇದ್ದಳು. ಸಾಹೇಬರು ಅಂದದ್ದನ್ನು ಇದ್ದಂತೆ ಹೇಳಿದೆ. ಬಾರಿಗೆ ನಿಂತಿತು.

"ರಜಾ?" ಅಂದಳು. "ಅಂದಿನ ಪಗಾರ ಹೋಗತದಲ್ಲ ತಮ್ಮಾ."

"ಹೋಗಂಗಿಲ್ಲಕ್ಕ. ಕಾಯಂ ಆದವರಿಗೆ ರಜಾದ ದಿನಾನೂ ಪಗಾರ ಬರತದ."

ಅವಳು ಅದನ್ನು ಮನಸ್ಸಿನಲ್ಲೇ ಒಂದು ಸಲ ಹೇಳಿಕೊಂಡಂತೆ ಕಂಡಿತು. ಸೆರಗಿನಿಂದ ಮುಖ ಒರೆಸಿಕೊಂಡಳು, ಎರಡು ಸಲ. ಆಮೇಲೆ ಬಾರಿಗೆ ಎತ್ತಿಕೊಂಡು ಕೇಳಿದಳು:

"ಮುಂದಿನ ಉದ್ಘಾಟನಾ ಯಾವಾಗ ಇಟ್ಟಾರ?"